ಪಥ್ಯದ ಅಕ್ಕ

ಇವತ್ತು ಬೆಳಿಗ್ಗೆ ಅಂಗಳ ಗುಡಿಸಿ ಸೆಗಣಿನೀರು ಹಾಕಿ, ನಳ ಬರುವಷ್ಟರಲ್ಲಿ ಕೊಡ ಬೆಳಗಿಟ್ಟೆ. ಮಗನ ಅಂಗಿಗೆ ಗುಂಡಿ ಹಚ್ಚಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಶೇಂಗಾ ಹುರಿದೆ, ಗುರೆಳ್ಳು ಹುರಿದೆ, ಹುಣಸೆಹಣ್ಣು ನೆನೆಯಿಟ್ಟೆ. ನಿನ್ನೆ ತರಿಸಿದ್ದ ಮುಳ್ಳು ಬದನೆಕಾಯಿಗಳಲ್ಲಿ ಹುಳುಕು ತೆಗೆದು, ತೊಟ್ಟು ಉಳಿಸಿ ಸೀಳಿ, ಉಪ್ಪುನೀರಿನಲ್ಲಿ ಹಾಕಿದೆ. ನಮ್ಮವರ ಡಬ್ಬಿ ಕಟ್ಟಿದೆ. ಆಮೇಲೆ ಸೀರೆ ಬದಲಿಸಿ ಎಲ್ಲವನ್ನೂ ಬುಟ್ಟಿಯಲ್ಲಿ ಇಟ್ಟುಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲಿ ಇವತ್ತು ಅಕ್ಕನ ಮೂರು ದಿನದ ಕಾರ್ಯ.

ಆಕೆ ನನ್ನ ಒಡಹುಟ್ಟಿದವಳಲ್ಲ. ನಮ್ಮ ಎರಡು ಮನೆಗೆ ಒಂದೇ ಗೋಡೆ. ಎಪ್ಪತ್ತರ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಇಳಕಲ್ಲಿಗೆ ಬಂದಾಗ ಈ ಓಣಿಯಲ್ಲಿ ನನ್ನನ್ನು ಮೊದಲು ಮಾತಾಡಿಸಿದವಳು ಆಕೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಓಣಿಯವರು ಹೆಸರು ಬಿಟ್ಟು ಬ್ಯಾನಿ ಹಿಡಿದೇ ಕರೆದರು, 'ಫಿಟ್ಸಿನಾಕಿ' ಅಂತ. ಹೆಸರು ಬರೆಯದಿರಲು ಇನ್ನೊಂದು ಕಾರಣವೂ ಇದೆ, ಅದು ಮುಂದೆ ಬರುತ್ತದೆ.

ಅಕ್ಕನಿಗೆ ಮೂರ್ಛೆ ರೋಗ. ಬೇವೂರಿನ ಗಂಡನ ಮನೆಯಲ್ಲಿ, ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ, ರೊಟ್ಟಿ ಬಡಿಯುತ್ತಾ ಒಲೆಯ ಮುಂದೆ ಬಿದ್ದಳಂತೆ. ಎಡ ಮುಂಗೈಯಲ್ಲಿ ಆ ಸುಟ್ಟ ಕಲೆ ಕೊನೆಯವರೆಗೂ ಇತ್ತು. ಮತ್ತೊಮ್ಮೆ ಬಿದ್ದಾಗ ಅತ್ತೆ ಕೂಸನ್ನು ತನ್ನ ಹತ್ತಿರ ಇಟ್ಟುಕೊಂಡು ಸೊಸೆಯನ್ನು ತವರಿಗೆ ಕಳಿಸಿದಳು. ಗಂಡ ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲ, ಇವಳನ್ನು ಕರೆಯಲೂ ಇಲ್ಲ. ವರ್ಷಕ್ಕೊಮ್ಮೆ, ಪಂಚಮಿ ಮುಗಿದ ಮೇಲೆ, ಯಾರಾದರೂ ಮಗಳನ್ನು ಕರೆತಂದು ತೋರಿಸಿ, ಮರುದಿನ ಕರೆದುಕೊಂಡು ಹೋಗುತ್ತಿದ್ದರು.

ತವರಿನಲ್ಲಿ ಅಣ್ಣ ಇದ್ದ, ಸೀರೆ ನೇಯುವವನು, ಮಾತು ಕಡಿಮೆ. ಅವನ ಹೆಂಡತಿಯನ್ನು ನಾವೆಲ್ಲ ವೈನಿ ಅನ್ನುತ್ತೇವೆ; ಬಾಯಿ ಜೋರು, ಮನಸ್ಸು ಮೆತ್ತಗೆ. ಒಲೆ ಮುಟ್ಟಬೇಡ, ಬಾವಿಗೆ ಹೋಗಬೇಡ, ಮಾಳಿಗೆ ಹತ್ತಬೇಡ ಎಂದು ಅಕ್ಕನಿಗೆ ಎಲ್ಲವೂ ಬೇಡವಾಗಿ, ಕೊನೆಗೆ ಉಳಿದದ್ದು ನೂಲು ಸುತ್ತುವ ರಾಟಿ. ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಇಡೀ ದಿನ ಅಣ್ಣನ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು. ಎದುರಿಗೇ ಅಡಿಗೆಮನೆಯ ಹೊಸ್ತಿಲು. ಕೂತಲ್ಲಿಂದಲೇ ಅಡಿಗೆ ನಡೆಸುತ್ತಿದ್ದಳು, ಬರೀ ಬಾಯಿಯಿಂದ.

"ವೈನಿ, ಬೆಳ್ಳೊಳ್ಳಿ ಹತ್ತಾಕತ್ತಾವು ನೋಡ."

"ಅಲ್ಲೇ ಕುಂತು ನಿನಗ ಹೆಂಗ ಕಾಣ್ತೈತಿ?"

"ಕಣ್ಣು ರಾಟಿ ಮ್ಯಾಲ ಅದಾವು. ಮೂಗು ನಿನ್ನ ಒಲಿ ಮ್ಯಾಲ ಐತಿ."

"ಮೂಗಿಗೊಂದು ಕೆಲಸ ಕೊಡಬೇಕು ಈಕಿಗೆ," ಎಂದು ವೈನಿ ಬೈಯುತ್ತಲೇ ಒಗ್ಗರಣೆ ಇಳಿಸುತ್ತಿದ್ದಳು.

ನನಗೆ ಬದನೆಕಾಯಿ ಎಣ್ಣೆಗಾಯಿ ಕಲಿಸಿದವಳು ಅಕ್ಕನೇ. ನನ್ನ ತವರು ಬಾದಾಮಿಯ ಕಡೆ; ಅಲ್ಲಿ ನಾನು ಸಾಲಿ ಕಲಿತೆ, ಅಡಿಗೆ ಕಲಿಯಲಿಲ್ಲ. ನಾನು ಹೂರಣ ಕಲಸಿ ಅಂಗೈಯಲ್ಲಿ ಇಟ್ಟುಕೊಂಡು ಹೋಗಿ ತೋರಿಸುತ್ತಿದ್ದೆ. ಆಕೆ ಮೂಗಿನ ಹತ್ತಿರ ಹಿಡಿದು, "ಬೆಲ್ಲ ಸಾಲದು. ಗುರೆಳ್ಳು ತರಿತರಿ ಉಳದೈತಿ, ಮತ್ತೊಮ್ಮೆ ಕುಟ್ಟು," ಅನ್ನುತ್ತಿದ್ದಳು. ಒಮ್ಮೆಯೂ ನಾಲಿಗೆಗೆ ಹಚ್ಚಲಿಲ್ಲ.

"ಒಂದು ತುಸು ನೋಡ ಅಕ್ಕಾ."

"ನಂಗ ಪಥ್ಯ ಐತವಾ."

ಆಕೆಯ ಊಟ ಬೇರೆ ಬಟ್ಟಲಲ್ಲಿ. ಉಪ್ಪು ಇದ್ದೂ ಇಲ್ಲದಂಥ ಜೋಳದ ನುಚ್ಚು, ಅದರ ಮೇಲೆ ಹಾಲು, ಇಲ್ಲವೇ ಹೆಸರುಬೇಳೆಯ ಕಟ್ಟು. ಎಣ್ಣೆ ಇಲ್ಲ, ಹುಳಿ ಇಲ್ಲ, ಖಾರ ಇಲ್ಲ. ಶೇಂಗಾ ಬೇಡ, ಬದನೆಕಾಯಿಯಂತೂ ನಂಜು, ಅದರ ಹೆಸರೇ ಬೇಡ. ಬ್ಯಾನಿ ಶುರುವಾದಾಗ ಐಹೊಳೆಯ ಕಡೆಯ ಒಬ್ಬ ನಾಟಿ ವೈದ್ಯ ಬೇರು ತೇಯ್ದು ಕೊಟ್ಟಿದ್ದನಂತೆ. ಪಥ್ಯ ಹೇಳಿದವನು ಅವನು. "ಪಥ್ಯ ಮುರಿದ ದಿನ ಔಷಧ ಮುಟ್ಟಬ್ಯಾಡ, ಹೊಟ್ಟ್ಯಾಗ ವಿಷ ಆಗತೈತಿ" ಎಂದೂ ಹೇಳಿದ್ದ. ಬೇರಿನಿಂದ ಗುಣ ಕಾಣಲಿಲ್ಲ. ಆಮೇಲೆ ಊರಿನ ದವಾಖಾನೆಯಲ್ಲಿ ಬಿಳಿ ಗುಳಿಗೆ ಕೊಟ್ಟರು. ಬೇರು ಹೋಯಿತು, ಗುಳಿಗೆ ಬಂತು, ಪಥ್ಯ ಮಾತ್ರ ಹಾಗೇ ಉಳಿಯಿತು. ಔಷಧ ಅಂದಮೇಲೆ ಪಥ್ಯ ಇರಲೇಬೇಕು ಎಂಬುದರಲ್ಲಿ ನಮ್ಮ ಯಾರಿಗೂ ಅನುಮಾನ ಇರಲಿಲ್ಲ. ದವಾಖಾನೆಯವರು, "ಗುಳಗಿ ಬರೋಬರಿ ತಗೋತಿಯೇನವಾ?" ಎಂದು ಕೇಳುತ್ತಿದ್ದರು. "ಪಥ್ಯ ಹಿಡದು ತಗೋತೇನ್ರಿ," ಎಂದು ಅಕ್ಕ ಹೇಳುತ್ತಿದ್ದಳು. ಇಬ್ಬರಿಗೂ ಸಮಾಧಾನ ಆಗುತ್ತಿತ್ತು.

ಫಿಟ್ಸ್ ಬಂದಾಗ ನಾನು ಬಹಳ ಸಲ ಹತ್ತಿರ ಇದ್ದೆ. ಮೊದಲು ರಾಟಿ ನಿಲ್ಲುತ್ತಿತ್ತು. ನೂಲು ಹಿಡಿದ ಕೈ ಹಾಗೇ ಇರುತ್ತಿತ್ತು, ಇನ್ನೊಂದು ಕೈ ಸೆರಗಿನ ಅಂಚನ್ನು ಕೆದಕುತ್ತಿತ್ತು, ಅದರಲ್ಲಿ ಏನೋ ಮುಳ್ಳು ಹತ್ತಿದೆ ಅನ್ನುವಂತೆ. ಕರೆದರೆ ನೋಡುತ್ತಿದ್ದಳು, ನಮ್ಮನ್ನಲ್ಲ. ಕೆಲವು ಸಲ ಅಷ್ಟಕ್ಕೇ ಮುಗಿದು, "ಎಲ್ಲಿದ್ದೆ ನಾನು?" ಎಂದು ಮತ್ತೆ ರಾಟಿ ತಿರುವುತ್ತಿದ್ದಳು. ಕೆಲವು ಸಲ ಕುತ್ತಿಗೆ ಎಡಕ್ಕೆ ತಿರುಗಿ, ಒಂದು ಕೂಗು ಬಿದ್ದು, ಮೈಯೆಲ್ಲ ಕಟ್ಟಿಗೆಯಾಗಿ, ಆಮೇಲೆ ಜಾಡಿಸಲು ಶುರುವಾಗುತ್ತಿತ್ತು. ಓಣಿಯವರು ಓಡಿ ಬರುತ್ತಿದ್ದರು. ಒಬ್ಬರು ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸುವವರು, ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿಯುವವರು. ಒಮ್ಮೆ ಯಾರೋ ಬಾಯಲ್ಲಿ ಚಮಚ ತುರುಕಿ ಮುಂದಿನ ಹಲ್ಲು ಮುರಿಯಿತು. ಎಚ್ಚರಾದಾಗ ಅಕ್ಕ ಮೊದಲು ಸೀರೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಒದ್ದೆಯಾಗಿದೆಯೇ ಅಂತ. ಆಮೇಲೆ ಸುತ್ತ ನಿಂತವರ ಮುಖ.

"ಎಲ್ಲಾರೂ ಮನಿಗೆ ಹೋಗ್ರೆವಾ. ಬ್ಯಾನಿ ನಂದು, ಅಂಜಿಕಿ ನಿಮ್ಮದು," ಎಂದು ಒಮ್ಮೆ ಹೇಳಿದಳು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಂದವರ ಚಪ್ಪಲಿಯ ಮಣ್ಣು ಗುಡಿಸಲು ಎದ್ದು, ಕಾಲು ನಿಲ್ಲದೆ ಮತ್ತೆ ಕೂತಳು.

ಹಬ್ಬ ಮುಗಿದ ಒಂದೆರಡು ದಿನಕ್ಕೇ ಫಿಟ್ಸ್ ಹೆಚ್ಚು ಬರುತ್ತಿತ್ತು. ಅದನ್ನು ಎಲ್ಲರೂ ಗುರುತಿಸಿದ್ದರು. ದೇವರಿಗೆ ಏನೋ ತಪ್ಪಿರಬೇಕು ಎಂದು ಕೆಲವರು, ಹೊಸ ಸೀರೆಗೆ ದೃಷ್ಟಿ ಎಂದು ಕೆಲವರು. ವೈನಿ ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ಹಬ್ಬದ ದಿನ ಅಕ್ಕ ನಮ್ಮಂತೆಯೇ ಹೋಳಿಗೆ ಉಣ್ಣುತ್ತಿದ್ದಳು, ಅದು ವರ್ಷದಲ್ಲಿ ಆಕೆಗಿದ್ದ ರಜೆ. ಆ ದಿನಗಳಲ್ಲಿ ಗುಳಿಗೆ ಬಿಡುತ್ತಿದ್ದಳು ಎನ್ನುವುದನ್ನು ಯಾರೂ ಇದರ ಜೊತೆಗೆ ಇಟ್ಟು ನೋಡಲಿಲ್ಲ. ಆಕೆಗೆ ಅದು ಬಚ್ಚಿಡುವ ಮಾತೂ ಆಗಿರಲಿಲ್ಲ. ಪಥ್ಯ ಮುರಿದರೆ ಗುಳಿಗೆ ಮುಟ್ಟಬಾರದು, ಅಷ್ಟೇ.

ಮಗಳಿಗೆ ಗಂಡು ಬಂತು. ಸೊಲ್ಲಾಪುರದ ಕಡೆಯವರು, ಗಿರಣಿ ಕೆಲಸದ ಹುಡುಗ. "ಅವ್ವ ಬರದಿದ್ದರ ನಾ ಮಣಿ ಮ್ಯಾಲ ಕೂಡ್ರಂಗಿಲ್ಲ," ಎಂದು ಹುಡುಗಿ ಅಜ್ಜಿಯ ಮುಂದೆ ಹಟ ಹಿಡಿದಳಂತೆ. ಅಜ್ಜಿ, ಅಂದರೆ ಅಕ್ಕನ ಅತ್ತೆ, ಹೇಳಿ ಕಳಿಸಿದಳು: ಎಳ್ಳಮಾಸಿಯ ಹೊಲದ ಪೂಜೆಗೆ ಬಾ. ಗಂಡಿನವರೂ ಅವತ್ತು ಹೊಲಕ್ಕೆ ಊಟಕ್ಕೆ ಬರುತ್ತಾರೆ. ನಾಲ್ಕು ದಿನ ಮೊದಲೇ ಬಂದು ಇರು. ನೆಟ್ಟಗೆ ಇದ್ದರೆ ಮದುವೆಯಲ್ಲಿ ಮಗಳ ಉಡಿ ನೀನೇ ತುಂಬು.

ಅಕ್ಕ ಆ ವಾರ ರಾಟಿ ತಿರುವಿದ್ದನ್ನು ಕೇಳಬೇಕಿತ್ತು. ಆ ಸದ್ದಿಗೆ ಗೋಡೆಯ ಈಚೆ ನಮಗೆ ನಮ್ಮ ಮಾತೇ ಕೇಳುತ್ತಿರಲಿಲ್ಲ. ಮಗಳ ಸೀರೆಗೆಂದು ಅಣ್ಣ ಮಗ್ಗಕ್ಕೆ ಉದ್ದೆಳೆಯ ಹಾಸು ಏರಿಸಿದ್ದ, ಅದರ ಕಂಡಿಕೆಗಳೆಲ್ಲ ಆಕೆಯ ಕೈಯವು. ಹೊರಡುವ ದಿನ ನನ್ನ ಹತ್ತಿರ ಬಂದು ತಲೆ ಬಾಚಿಸಿಕೊಂಡಳು.

"ಅಲ್ಲೆ ಪಥ್ಯದ ಬಟ್ಟಲ ಹಿಡಕೊಂಡು ಕುಂತ್ರ, ಈಕಿಗೆ ಇನ್ನೂ ಬ್ಯಾನಿ ಐತಿ ಅಂತಾರ," ಎಂದಳು. "ಎಲ್ಲಾರು ಉಂಡಂಗ ಉಣ್ತೇನಿ."

"ಉಣ್ಣಕ್ಕಾ," ಎಂದೆ. ನನಗೂ ಖುಷಿಯೇ ಆಗಿತ್ತು.

ಹೊಲದಲ್ಲಿ ನಡೆದದ್ದನ್ನು ಜೊತೆಗೆ ಹೋಗಿದ್ದ ವೈನಿ ಹೇಳಿದಂತೆ ಬರೆಯುತ್ತೇನೆ. ಹೊಲದ ತುಂಬ ಎಡೆಯ ಚರಗ ಚೆಲ್ಲಿ ಬಂದು ಎಲ್ಲರೂ ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತಿದ್ದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಎಣ್ಣೆಗಾಯಿ ಮಗಳೇ ಮಾಡಿದ್ದು. ಅಷ್ಟೂ ದಿನ ತಾನೇ ತಾಯಿಗೆ ಬಡಿಸುತ್ತಿದ್ದಳಂತೆ. "ಅವ್ವಾ, ಇನ್ನೊಂದು ಬದನಿಕಾಯಿ. ನಾ ಮಾಡೀನಿ, ಒಲ್ಲೆ ಅನಬ್ಯಾಡ." ಅಕ್ಕ ಒಲ್ಲೆ ಅನ್ನಲಿಲ್ಲ. ತುತ್ತು ಕೈಯಲ್ಲಿದ್ದಾಗಲೇ ಇನ್ನೊಂದು ಕೈ ಸೆರಗು ಕೆದಕತೊಡಗಿತು. ವೈನಿ ಎದ್ದು ಹತ್ತಿರ ಬರುವುದರೊಳಗೆ ಆಕೆ ಗಂಡಿನವರ ಎಲೆಗಳ ಮೇಲೆ ಬಿದ್ದಿದ್ದಳು.

ಗಂಡಿನ ಕಡೆಯ ಹಿರಿಯ ಹೆಂಗಸು ತಮ್ಮ ಜೊತೆ ಬಂದಿದ್ದ ಕೂಸನ್ನು ಎತ್ತಿಕೊಂಡು ದೂರ ಸರಿದು, "ಇವರು ಯಾರ್ರಿ?" ಎಂದು ಕೇಳಿದಳು. ಪರಿಚಯ ಮಾಡಿಸುವುದು ಊಟದ ನಂತರ ಎಂದಿತ್ತು.

"ನಮ್ಮ ಸೊಸಿಗೆ ದೂರದ ಸಂಬಂಧ ರಿ. ಹುಡುಗಿಗೆ ಚಿಗವ್ವ ಆಗಬೇಕು," ಎಂದಳು ಅತ್ತೆ. "ಸೊಸಿ ತೀರಿಕೊಂಡು ಭಾಳ ವರ್ಷ ಆತು."

ಸೌಟು ಹಿಡಿದ ಮಗಳು ಅಲ್ಲೇ ನಿಂತಿದ್ದಳು. ಅಕ್ಕನ ಗಂಡನೂ ಇದ್ದ. ಅತ್ತೆಯ ಮಾತೇ ನಿಂತಿತು. ಮದುವೆ ಮುರಿಯಲಿಲ್ಲ.

ಮರುದಿನ ಬಸ್ಸಿನಲ್ಲಿ ಬರುವಾಗ ವೈನಿ ತಡೆಯಲಾರದೆ ಎಲ್ಲ ಹೇಳಿಬಿಟ್ಟಳು. ಅಕ್ಕ ಕಿಟಕಿಯ ಹೊರಗೆ ನೋಡುತ್ತಾ, "ಚಲೋ ಮಾಡ್ಯಾಳ," ಎಂದಳಂತೆ. ಆಮೇಲೆ, "ನಾ ಸತ್ತು ಎಷ್ಟು ವರ್ಷ ಆತು ಅಂದಳು?" ಎಂದು ಕೇಳಿದಳಂತೆ.

ಆಮೇಲೆ ಫಿಟ್ಸ್ ಮೇಲಿಂದ ಮೇಲೆ ಬರತೊಡಗಿತು. ನಾನೇ ಬಾಗಲಕೋಟೆಗೆ ಕರೆದುಕೊಂಡು ಹೋದೆ. ವೈನಿ ಮನೆ ಬಿಡುವಂತಿರಲಿಲ್ಲ. ಅಲ್ಲಿಯ ಡಾಕ್ಟರು ವಯಸ್ಸಾದವರು, ಅವಸರ ಮಾಡಲಿಲ್ಲ. ಅಕ್ಕನನ್ನು ಕೇಳಿದ್ದು ಕಡಿಮೆ, ನನ್ನನ್ನು ಕೇಳಿದ್ದು ಹೆಚ್ಚು. "ಆಕಿಗೆ ಅದು ಬಂದಾಗ ಆಕಿ ಅಲ್ಲಿರೂದಿಲ್ಲ. ನೋಡಿದವರು ಹೇಳಬೇಕು," ಎಂದರು. ನಾನು ರಾಟಿ ನಿಲ್ಲುವುದರಿಂದ ಹಿಡಿದು, ಸೆರಗು ಕೆದಕುವುದು, ಕುತ್ತಿಗೆ ಎಡಕ್ಕೆ ಹೊರಳುವುದು, ಎಲ್ಲ ಹೇಳಿದೆ. ಅವರು ನನ್ನನ್ನು ಮಾಡಿ ತೋರಿಸಲು ಹೇಳಿದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ತನ್ನ ಬ್ಯಾನಿಯನ್ನು ಆಕೆ ಅವತ್ತೇ ಮೊದಲು ಕಂಡದ್ದು.

ತಲೆಯ ಪರೀಕ್ಷೆಗೆಂದು ಹುಬ್ಬಳ್ಳಿಗೆ ಕಳಿಸಿದರು. ಎಣ್ಣೆ ಹೋಗುವ ಹಾಗೆ ತಲೆ ತೊಳೆದುಕೊಂಡು ಹೋಗಬೇಕು. ಅಲ್ಲಿ ತಲೆತುಂಬ ಅಂಟು ಹಚ್ಚಿ ವೈರು ಕೂಡಿಸಿ, ಕಾಗದದ ಮೇಲೆ ಗೆರೆ ತೆಗೆದರು. ನೋವೇನೂ ಇಲ್ಲ. "ನನ್ನ ತಲಿಗೂ ಹಾಸು ಕಟ್ಟಿದ್ರು ನೋಡ," ಎಂದಳು ಹೊರಗೆ ಬಂದು. ಕಾಗದ ಬಿಚ್ಚಿ ನೋಡಿ, "ಕಂಡಿಕಿ ಸುತ್ತಾಕ ಬರದಾಕಿ ಸುತ್ತಿದಂಗ ಐತಿ," ಎಂದಳು. ಎಳ್ಳಮಾಸಿಯ ನಂತರ ಆಕೆ ನಕ್ಕದ್ದು ಅದೇ ಮೊದಲು.

ಆ ಕಾಗದ ತೆಗೆದುಕೊಂಡು ಮತ್ತೆ ಬಾಗಲಕೋಟೆಗೆ ಹೋದೆವು. ಇದು ಮೆದುಳಿನ ಒಂದು ಬದಿಯಿಂದ ಏಳುವ ಫಿಟ್ಸ್ ಎಂದರು ಡಾಕ್ಟರು. ಮೆದುಳಿನಲ್ಲಿ ಕರೆಂಟಿನಂಥದು ಹರಿದಾಡುತ್ತದೆ, ಅದು ಒಂದು ಕಡೆ ಒಮ್ಮೆಲೇ ಭುಗಿಲೆದ್ದು ಎಲ್ಲ ಕಡೆ ಹಬ್ಬುತ್ತದೆ. ಗಾಳಿಯಲ್ಲ, ದೇವರ ಸಿಟ್ಟಲ್ಲ, ಅಂಟುವುದಂತೂ ಅಲ್ಲ. ಬಂದಾಗ ಬಾಯಲ್ಲಿ ಏನೂ ತುರುಕಬಾರದು, ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಅರಿವೆ ಇಟ್ಟು ಹತ್ತಿರ ಕೂಡ್ರಬೇಕು. ನಿಲ್ಲದೆ ಹೋದರೆ, ಇಲ್ಲವೇ ಒಂದರ ಹಿಂದೆ ಒಂದು ಬಂದರೆ, ದವಾಖಾನೆಗೆ ಓಡಬೇಕು.

"ಮಕ್ಕಳಿಗೆ ಬರತೈತೇನ್ರಿ?" ಎಂದು ಅಕ್ಕ ಕೇಳಿದಳು.

"ಭಾಳ ಮಂದಿ ಮಕ್ಕಳಿಗೆ ಬರಂಗಿಲ್ಲವಾ."

ಅಕ್ಕ ತಲೆಯಾಡಿಸಿದಳು. ಡಾಕ್ಟರು ಚೀಟಿ ಬರೆಯುತ್ತಾ ಕೇಳಿದರು.

"ಹೊಲದಾಗ ಬಿದ್ದಿ ಅಂದೆಲ್ಲ, ಅದಕ್ಕ ಮೊದಲ ಗುಳಗಿ ತಗೊಂಡಿದ್ದೇನು?"

"ಇಲ್ಲರಿ. ಪಥ್ಯ ಮುರಿದಿದ್ದೆ."

ಅವರ ಕೈ ನಿಂತಿತು. "ಯಾವ ಪಥ್ಯ?"

ಅಕ್ಕ ಹೇಳಿದಳು. ಎಣ್ಣೆ, ಹುಳಿ, ಶೇಂಗಾ, ಬದನೆಕಾಯಿ. ತಾನು ಎಂದೂ ಕದ್ದು ತಿಂದಿಲ್ಲ, ಹಬ್ಬಕ್ಕೆ ತಿಂದರೆ ಗುಳಿಗೆ ಮುಟ್ಟುವುದಿಲ್ಲ. ಒಳ್ಳೆಯ ಹುಡುಗಿ ಪಾಠ ಒಪ್ಪಿಸಿದಂತೆ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಾಯಿ, ಈ ಗುಳಗಿಗೆ ಪಥ್ಯ ಇಲ್ಲ. ಏನು ಬೇಕಾದ್ದು ಉಣ್ಣು. ಗುಳಗಿ ಮಾತ್ರ ಒಂದು ದಿನಾನೂ ಬಿಡಬ್ಯಾಡ. ದಿನಾ ತಗೊಂಡ್ರ ಅದು ರಕ್ತದಾಗ ನಿಂತಿರತೈತಿ. ಬಿಟ್ಟಿ ಅಂದ್ರ ಇಳೀತೈತಿ, ಫಿಟ್ಸ್ ಮ್ಯಾಲ ಬರತೈತಿ. ನಿನ್ನ ಕೆಡವಿದ್ದು ಬದನಿಕಾಯಿ ಅಲ್ಲ."

ಬಸ್ಸು ಹುನಗುಂದದಲ್ಲಿ ನಿಂತಾಗ ಅಕ್ಕ ತಾನೇ ಇಳಿದಳು. ನಾನೂ ಹಿಂದೆ ಇಳಿದೆ. ಗಾಡಿಯವನು ಮೆಣಸಿನಕಾಯಿ ಭಜಿ ಕರಿಯುತ್ತಿದ್ದ. "ಒಂದು ಪ್ಲೇಟ್ ಕೊಡಪ್ಪಾ," ಎಂದು ತೆಗೆದುಕೊಂಡು, ನಿಂತಲ್ಲೇ, ತೊಟ್ಟಿನವರೆಗೂ ತಿಂದಳು. ಕಣ್ಣಿನಿಂದ, ಮೂಗಿನಿಂದ ನೀರು. ಭಜಿಯವನು ನೀರಿನ ಗ್ಲಾಸು ಚಾಚಿ, "ಖಾರ ಆತೇನ್ರಿ ಅಕ್ಕಾರ?" ಎಂದ. ಆಕೆ ಹೌದೆಂದಳು. ಬಸ್ಸಿನಲ್ಲಿ ಕೂತ ಮೇಲೆ ಮೆಲ್ಲಗೆ ಹೇಳಿದಳು:

"ಮಗಳು ಬಡಿಸಿದ್ದಳು, ಉಂಡೆ. ಗುಳಗಿ ಚೀಲದಾಗ ಇದ್ದವು. ಎರಡೂ ಕೂಡೇ ನುಂಗಬಹುದಿತ್ತು." ಆಮೇಲೆ, "ಆಕಿಗೆ ಇದನ್ನ ಯಾವತ್ತೂ ಹೇಳಬ್ಯಾಡ. 'ನಾ ಬಡಿಸಿದ್ದಕ್ಕ ಹಿಂಗಾತು' ಅಂದಕೋತಾಳ."

ಮದುವೆ ಸೊಲ್ಲಾಪುರದಲ್ಲೇ ಆಯಿತು. ಅಣ್ಣ ಸೋದರಮಾವನಾಗಿ ಸೀರೆ ಒಯ್ದ. ಸತ್ತ ತಾಯಿಯ ಕಡೆಯ ಸೀರೆ ಎಂದು ಕೊಟ್ಟು ಬಂದ. ಅಕ್ಕ ಅವತ್ತು ಇಡೀ ದಿನ ರಾಟಿ ತಿರುವಿದಳು. ನಡುವೆ ಒಮ್ಮೆ, "ಅಕ್ಷತಾ ಬಿದ್ದಿರಬೇಕಲ್ಲ ಈಗ?" ಎಂದಳು. ಬಿದ್ದಿರಬೇಕು ಎಂದೆ. ನೂಲು ಹರಿದಿತ್ತು, ಗಂಟು ಹಾಕಿ ಮುಂದುವರಿಸಿದಳು.

ಆಮೇಲಿನ ವರ್ಷಗಳಲ್ಲಿ ದೊಡ್ಡ ಫಿಟ್ಸ್ ಬರಲೇ ಇಲ್ಲ ಎನ್ನಬೇಕು. ಗುಳಿಗೆಯಿಂದ ವಸಡು ಬಾತು ಹಲ್ಲಿನ ಮೇಲೆ ಬಂತು; ಆಕೆ ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುವುದು ರೂಢಿಯಾಯಿತು. ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂತು ಉಂಡಳು. ತಾಟಿನ ಪಕ್ಕದಲ್ಲಿ ವೈನಿ ಗುಳಿಗೆ ಇಡುತ್ತಿದ್ದಳು, ಉಪ್ಪಿನಕಾಯಿ ಇಟ್ಟಂತೆ. ನನ್ನ ಎಣ್ಣೆಗಾಯಿಯನ್ನು ಬಾಯಲ್ಲಿಟ್ಟು, "ಈಗ ಗೊತ್ತಾತು, ಬೆಲ್ಲ ಹೆಚ್ಚು ಹಾಕಸ್ತಿದ್ದೆ ನಾನು," ಎಂದಳು. ವರ್ಷಕ್ಕೊಮ್ಮೆಯಾದರೂ ಬರುತ್ತಿದ್ದ ಮಗಳು ಅತ್ತೆಯ ಆ ಸುಳ್ಳಿನಿಂದಾಗಿ ಈಗ ಬರದಂತಾಯಿತು. ಮೊಮ್ಮಗಳು ಹುಟ್ಟಿದ ಸುದ್ದಿ ಅಣ್ಣನ ಬಾಯಿಂದಲೇ ಕೇಳಿದಳು. ಬಾಣಂತನಕ್ಕೆ ತವರೆಂದರೆ ಬೇವೂರಿನ ಅಜ್ಜಿಯ ಮನೆ. ಕೂಸಿನ ತಲೆಗೆ ಕುಂಚಿಗೆ ಹೊಲಿದು ಕಳಿಸಿದಳು, ಯಾರು ಕೊಟ್ಟದ್ದೆಂದು ಹೇಳದೆ.

ಕಳೆದ ವಾರ ಓಣಿಯಲ್ಲೆಲ್ಲ ವಾಂತಿ ಭೇದಿ. ಅಕ್ಕನಿಗೂ ಬಂತು. ಗುಳಿಗೆ ನುಂಗಿದರೆ ನೀರಿನ ಜೊತೆ ಹೊರಗೆ. ಎರಡು ದಿನ ಹಾಗೇ ಆಗಿ, ಮೂರನೆಯ ದಿನ ಬೆಳಿಗ್ಗೆ ಫಿಟ್ಸ್ ಶುರುವಾಯಿತು. ಮಗ್ಗುಲಿಗೆ ಹೊರಳಿಸಿ ಕೂತೆವು, ಯಾರೂ ಕೀಲಿ ತರಲಿಲ್ಲ, ಯಾರೂ ಬಾಯಿಗೆ ಕೈ ಹಾಕಲಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು. ಜೀಪಿನಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಹೊರಟೆವು. ಹುನಗುಂದ ದಾಟಿದ ಮೇಲೆ ಮೈ ಸಡಿಲಾಯಿತು. ಫಿಟ್ಸ್ ನಿಂತಿತು ಎಂದುಕೊಂಡೆವು.

ಸೊಲ್ಲಾಪುರಕ್ಕೆ ಅಣ್ಣ ತಂತಿ ಕೊಟ್ಟ, ಚಿಗವ್ವ ತೀರಿಕೊಂಡಳು ಎಂದು.

ಮಗಳು ಇವತ್ತು ಬೆಳಿಗ್ಗೆ ಬಂದಳು, ಹೆಗಲ ಮೇಲೆ ಕೂಸು. "ಒಂದ ದಿನದ ಮಟ್ಟಿಗೆ ಬಿಟ್ಟಾರ," ಎಂದಳು ನನಗೆ. "ದೂರದ ಸಂಬಂಧಕ್ಕ ಇನ್ನೆಷ್ಟು ದಿನ ಬಿಡ್ತಾರ?" ಅಳಲಿಲ್ಲ. ಒಲೆಯ ಮುಂದೆ ಕೂತು ಎಡೆಗೆಂದು ಜೋಳದ ನುಚ್ಚು ಇಟ್ಟಳು. ಮೇಲೆ ಹಾಲು. ವೈನಿ ನನ್ನ ಮುಖ ನೋಡಿದಳು.

"ಇದೇನವಾ ಸಪ್ಪನ್ನ ನುಚ್ಚು?" ಎಂದೆ.

"ಪಂಚಮಿ ಆದಮ್ಯಾಲ ಬಂದಾಗೆಲ್ಲಾ ಅವ್ವ ಇದನ್ನ ಉಣ್ತಿದ್ದಳಲ್ಲ. ನಂಗ ಇದೊಂದ ಗೊತ್ತು. ಬ್ಯಾರೆ ಏನ್ ಸೇರ್ತಿತ್ತು ಅವ್ವಗ?"

ನಾನು ಬುಟ್ಟಿಯ ಮೇಲಿನ ಅರಿವೆ ತೆಗೆದೆ. ಬದನೆಕಾಯಿ ನೋಡಿ ಆಕೆಯ ಕೈ ಹಿಂದೆ ಸರಿಯಿತು. ಒಲೆಯ ಉರಿ ಸಣ್ಣ ಮಾಡಿ ಕೇಳಿದಳು.

"ಹೊಲದಾಗ ನಾ ಮಾಡಿದ್ದು ಖರೇನ ಸೇರಿತ್ತೇನ ಆಕಿಗೆ?"

"ಭಾಳ ಸೇರಿತ್ತು. ಊರಿಗೆ ಬಂದು ಹೇಳಿದ್ಲು," ಎಂದೆ. ವೈನಿ ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಇಬ್ಬರೂ ಕೂತು ಹೂರಣ ತುಂಬಿದೆವು. ಕಂಬದ ಬುಡದಲ್ಲಿ ಎಡೆ ಇಟ್ಟೆವು: ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು, ಒಂದು ಬದಿಗೆ ಆ ನುಚ್ಚೂ ಇರಲಿ ಎಂದೆವು. ಪೂಜೆಗೆ ಕರೆದಿದ್ದ ಐನಾರು ಬಂದು ವಿಭೂತಿ ಹಚ್ಚಿ, ಎಡೆ ನೋಡಿ, "ಇದೇನು ಇಲ್ಲೆ?" ಎಂದರು. ರೊಟ್ಟಿಯ ಪಕ್ಕದಲ್ಲಿ ವೈನಿ ಒಂದು ಗುಳಿಗೆ ಇಟ್ಟಿದ್ದಳು.

"ಊಟದ ಕೂಡ ತಗೋತಿದ್ದಳ್ರಿ," ಎಂದಳು ವೈನಿ.

ಐನಾರು ಅದರ ಮೇಲೂ ಒಂದು ಪತ್ರಿ ಇಟ್ಟರು. ಮಗಳು ಗುಳಿಗೆಯನ್ನೇ ನೋಡುತ್ತಿದ್ದಳು. ಇನ್ನೇನು ಕೇಳುತ್ತಾಳೆ ಎನ್ನುವಷ್ಟರಲ್ಲಿ ಕೂಸು ಎಡೆಗೆ ಕೈ ಚಾಚಿತು. ಅದನ್ನು ಹಿಡಿದುಕೊಳ್ಳುವುದರಲ್ಲಿ ಮಾತು ಅಲ್ಲಿಗೇ ನಿಂತಿತು.

ರಾತ್ರಿ ಎಲ್ಲರೂ ಅಲ್ಲೇ ಉಂಡೆವು. ರೊಟ್ಟಿ, ಎಣ್ಣೆಗಾಯಿ, ಮಜ್ಜಿಗೆ. ಅಣ್ಣ ಅರ್ಧ ರೊಟ್ಟಿ ತಿಂದು ಎದ್ದ. ಮಗಳು ಬದನೆಕಾಯಿ ಎರಡು ಸಲ ಹಾಕಿಸಿಕೊಂಡಳು. ಉಳಿದ ನುಚ್ಚನ್ನು ಹಾಲಿನಲ್ಲಿ ಕಲಸಿ ಕೂಸಿಗೆ ಉಣ್ಣಿಸಿದಳು. ಅದು ಚಪ್ಪರಿಸಿ ಉಂಡು, ಅಜ್ಜಿ ಕೂಡುತ್ತಿದ್ದ ಕಂಬದ ಬುಡದಲ್ಲೇ ಎಲ್ಲರಿಗಿಂತ ಮೊದಲು ಮಲಗಿತು.